ಹಳೆಯ ಪಿಕಪ್ ಗಾಡಿ: ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು, ಮಿಸ್ಸಿಂಗ್ ಮಾತ್ರ ಹೋಗಿಲ್ಲ

ಮದ್ದೂರು_ಎಳನೀರು

ಎಲ್ಲರಿಗೂ ನಮಸ್ಕಾರ. ಎಳನೀರು ಸಾಗಿಸಲೆಂದು ಮೂರು ತಿಂಗಳ ಹಿಂದೆ ಒಂದು ಹಳೆಯ ಸಣ್ಣ ಪಿಕಪ್ ಗಾಡಿಯನ್ನು ಕೊಂಡೆ. 2019ರ ಮಾಡೆಲ್, ಬಿಎಸ್ 4 (ಹೊಗೆಯ ಮಾನದಂಡ), 1,200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುತ್ತದೆ. ಕೊಂಡಾಗ ಮೀಟರಿನಲ್ಲಿ 94,000 ಕಿಲೋಮೀಟರ್ ಇತ್ತು. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಉತ್ತರಗಳೆಲ್ಲ ‘ಅದನ್ನೇಕೆ ಕೊಂಡಿರಿ’ ಎಂಬಲ್ಲಿಗೇ ಹೋಗಿ ನಿಲ್ಲುತ್ತವೆ.

ತೊಂದರೆ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದೆ ಎಂಜಿನ್ ತಪ್ಪುವುದು. ಅದು ಹೀಗಿದೆ. ಬೆಳಗಿನ ಜಾವ ಮದ್ದೂರು ಮಾರುಕಟ್ಟೆಯಲ್ಲಿ ಲೋಡ್ ತುಂಬಿಕೊಂಡು ಬೆಂಗಳೂರಿನ ಕಡೆಗೆ ಹೊರಡುತ್ತೇನೆ. ಎಲ್ಲಾದರೂ ನಿಲ್ಲಿಸಿದರೆ ಇಡೀ ಕ್ಯಾಬಿನ್ ನಡುಗುತ್ತದೆ, ಗೇರ್ ಲಿವರ್ ಕೈಯೊಳಗೆ ಕುಣಿಯುತ್ತದೆ. ಫ್ಲೈಓವರ್ ಏರುವಾಗ ಎಂಜಿನ್ ಎಳೆಯುವುದೇ ಇಲ್ಲ, ಜೊತೆಗೆ ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗುತ್ತದೆ. ಸಮತಟ್ಟಾದ ರಸ್ತೆಗೆ ಬಂದ ಮೇಲೆ ಮಿಣುಕುವುದನ್ನು ಬಿಟ್ಟು ಸುಮ್ಮನೆ ಉರಿಯುತ್ತಿರುತ್ತದೆ. ನಮ್ಮೂರಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಪಿ 0302 ಎಂಬ ಕೋಡ್ ಬಂತು. ಅವರು ಕಿಡಿ ಹಾರಿಸುವ ನಾಲ್ಕೂ ಪ್ಲಗ್ ಬದಲಿಸಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದು, ಎರಡನೇ ಸಿಲಿಂಡರಿನ ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲನ್ನೂ ಹೊಸದು ಹಾಕಿದರು. ಒಟ್ಟು 4,600 ರೂಪಾಯಿ ಆಯಿತು. ನಾಲ್ಕು ದಿನ ಚೆನ್ನಾಗಿ ಓಡಿತು, ಅಥವಾ ದುಡ್ಡು ಕೊಟ್ಟ ಮನಸ್ಸು ಹಾಗೆಂದುಕೊಂಡಿತೋ ತಿಳಿಯದು. ಈಗ ಮತ್ತೆ ಅದೇ ನಡುಕ, ಅದೇ ಕೋಡ್. ಮುಂದೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬದಲಿಸೋಣ ಎನ್ನುತ್ತಿದ್ದಾರೆ. ಇನ್ನೊಂದು ಸಾಮಾನು ಕೊಳ್ಳುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಹಳೇ_ಡೀಸೆಲ್

ಡೀಸೆಲ್ ಗಾಡಿ ಕೊಂಡಿದ್ದರೆ ಪ್ಲಗ್ಗೂ ಇರುತ್ತಿರಲಿಲ್ಲ, ಕಾಯಿಲೂ ಇರುತ್ತಿರಲಿಲ್ಲ, ಈ ಪ್ರಶ್ನೆಯೂ ಇರುತ್ತಿರಲಿಲ್ಲ.

ಹತ್ತು_ಹನ್ನೆರಡು_ಸ್ಪ್ಯಾನರ್

ಡೀಸೆಲ್ ಗಾಡಿಯ ನಾಜಲ್ ಕೆಟ್ಟಾಗ ಅದೂ ಹೀಗೇ ನಡುಗುತ್ತದೆ ಸ್ವಾಮಿ, ಅದನ್ನು ಬಿಡಿ.

ಮದ್ದೂರಿನವರೇ, ಮೊದಲನೆಯದಾಗಿ ಆ ದೀಪದ ವಿಷಯ. ಅದು ಸುಮ್ಮನೆ ಉರಿಯುತ್ತಿದ್ದರೆ ‘ಬೇಗ ತೋರಿಸು’ ಎಂದರ್ಥ. ಮಿಣುಕುತ್ತಿದ್ದರೆ ‘ಈಗಲೇ ಕಾಲು ತೆಗೆ’ ಎಂದರ್ಥ. ಕಿಡಿ ಹತ್ತದೆ ಉಳಿದ ಇಂಧನ ಸುಡದೆ ಸೈಲೆನ್ಸರಿನ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಭಾಗ ಕರಗಿ ಮುಚ್ಚಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚಿನ ಮುಂದೆ ನಿಮ್ಮ 4,600 ರೂಪಾಯಿ ಏನೂ ಅಲ್ಲ. ಆದ್ದರಿಂದ ರಿಪೇರಿ ಆಗುವವರೆಗೆ ಅರ್ಧ ಲೋಡಿಗಿಂತ ಹೆಚ್ಚು ಹಾಕಬೇಡಿ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ.

ಎರಡನೆಯದು ನನ್ನ ಪ್ರಶ್ನೆ. ಮಿಸ್ಸಿಂಗ್ ಬರುವುದು ಗ್ಯಾಸಿನಲ್ಲೋ, ಪೆಟ್ರೋಲಿನಲ್ಲೋ, ಎರಡರಲ್ಲೂ ಬರುತ್ತದೆಯೋ? ಇದಕ್ಕೆ ಖರ್ಚಿಲ್ಲ, ಒಂದು ಸ್ವಿಚ್ ಒತ್ತಿದರೆ ಅರ್ಧ ರೋಗ ತಿಳಿಯುತ್ತದೆ. ಗ್ಯಾಸಿನಲ್ಲಿ ಮಾತ್ರ ಬಂದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಗ್ಯಾಸ್ ಇಂಜೆಕ್ಟರ್ ನೋಡಬೇಕು, ಅಥವಾ ಕಾಯಿಲ್ ಆಗಲೇ ಸೋತಿದೆ ಎಂದು ತಿಳಿಯಬೇಕು. ಏಕೆಂದರೆ ಗ್ಯಾಸಿಗೆ ಬೆಂಕಿ ಹಚ್ಚಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಸೋತ ಕಾಯಿಲ್ ಮೊದಲು ಗ್ಯಾಸಿನಲ್ಲೇ ಕೈಕೊಡುತ್ತದೆ. ಪೆಟ್ರೋಲಿನಲ್ಲಿ ಮಾತ್ರ ಬಂದರೆ ಪೆಟ್ರೋಲ್ ಇಂಜೆಕ್ಟರ್, ಪಂಪ್ ಅಥವಾ ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲ್. ಎರಡರಲ್ಲೂ ಬಂದರೆ ಎರಡಕ್ಕೂ ಸಮಾನವಾಗಿರುವ ಪ್ಲಗ್, ಕಾಯಿಲ್, ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಗಾಳಿಯ ಸೋರಿಕೆ.

ಮದ್ದೂರು_ಎಳನೀರು

ಈಗಷ್ಟೇ ಎರಡರಲ್ಲೂ ಓಡಿಸಿ ನೋಡಿ ಬಂದೆ ಅಣ್ಣ. ಎರಡರಲ್ಲೂ ಬರುತ್ತದೆ. ಗ್ಯಾಸಿನಲ್ಲಿ ಸ್ವಲ್ಪ ಹೆಚ್ಚು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ವೇಗ ಹೆಚ್ಚಿಸಿದರೆ ನಡುಕ ಬಹಳ ಕಡಿಮೆಯಾಗುತ್ತದೆ.

ಹತ್ತು_ಹನ್ನೆರಡು_ಸ್ಪ್ಯಾನರ್

ಹಾಗಾದರೆ ಇಂಜೆಕ್ಟರಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಗಾಡಿಯಲ್ಲಿ ಪೆಟ್ರೋಲಿನ ಇಂಜೆಕ್ಟರೇ ಬೇರೆ, ಗ್ಯಾಸಿನ ಇಂಜೆಕ್ಟರೇ ಬೇರೆ. ಎರಡೂ ಒಂದೇ ಸಿಲಿಂಡರಿನಲ್ಲಿ, ಒಂದೇ ವಾರದಲ್ಲಿ ಕೆಟ್ಟವು ಎನ್ನುವುದನ್ನು ನಂಬಲು ನನ್ನ 31 ವರ್ಷದ ಅನುಭವ ಬಿಡುವುದಿಲ್ಲ.

ಗಾಳಿಗೊಂದು_ಮಾತು

ಇದೆಲ್ಲ ಪೆಟ್ರೋಲಿಗೆ ಎಥನಾಲ್ ಬೆರೆಸಿದ್ದರ ಫಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಇ20 ಬಂದ ಮೇಲೆ ಹಳೆಯ ಗಾಡಿಗಳೆಲ್ಲ ಹೀಗೇ ಆಗಿವೆ. ಮೆಕ್ಯಾನಿಕ್ ಏನು ಮಾಡಿಯಾನು?

ಸ್ಕ್ಯಾನರ್_ಹುಡುಗ

ಇ20 ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅದಕ್ಕೂ ಮೊದಲು ತಯಾರಾದ ಗಾಡಿಗಳ ರಬ್ಬರ್ ಪೈಪು, ಸೀಲುಗಳ ಬಗ್ಗೆ ಇರುವ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಎಥನಾಲ್ ನಾಲ್ಕೂ ಸಿಲಿಂಡರಿಗೆ ಒಂದೇ ಟ್ಯಾಂಕಿನಿಂದ ಹೋಗುತ್ತದೆ. ಅದು ಎರಡನೇ ಸಿಲಿಂಡರಿನ ಮೇಲೆ ಮಾತ್ರ ಹಗೆ ಸಾಧಿಸುವುದು ಹೇಗೆ? ಅದರಲ್ಲೂ ಗಾಡಿ ಗ್ಯಾಸಿನಲ್ಲಿ ಓಡುವಾಗ?

ಕೋಡಿನ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪಿ 0300 ಎಂದು ಬಂದಿದ್ದರೆ ‘ಇಂಥದ್ದೇ ಎಂದಿಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ’ ಎಂದರ್ಥ. ಆಗ ಇಂಧನ, ಗಾಳಿಯ ಸೋರಿಕೆ, ಸೆನ್ಸರ್ ಎಂದು ಹುಡುಕಬೇಕಿತ್ತು. 0302 ಎಂದರೆ ಎರಡನೇ ಸಿಲಿಂಡರ್, ಅಷ್ಟೇ. ಹಾಗೆಂದು ಆ ಕೋಡ್ ‘ಕಾಯಿಲ್ ಬದಲಿಸು’ ಎಂದು ಎಲ್ಲಿಯೂ ಹೇಳುವುದಿಲ್ಲ. ಯಾರ ಮನೆಯಲ್ಲಿ ಜಗಳವಾಗುತ್ತಿದೆ ಎಂದಷ್ಟೇ ಅದಕ್ಕೆ ಗೊತ್ತು, ಜಗಳಕ್ಕೆ ಕಾರಣ ಗೊತ್ತಿಲ್ಲ.

ನನ್ನದೊಂದು ಸಣ್ಣ ಅನುಮಾನವಿದೆ. ನಿಮ್ಮ ಮೆಕ್ಯಾನಿಕ್ ಎರಡನೇ ಸಿಲಿಂಡರನ್ನು ಎಣಿಸಿದ್ದು ಯಾವ ಕಡೆಯಿಂದ?

ಮದ್ದೂರು_ಎಳನೀರು

ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ. ಗೇರ್ ಬಾಕ್ಸಿನ ಕಡೆಯಿಂದ ಒಂದು, ಎರಡು ಎಂದು ಎಣಿಸಿ ಹೊಸ ಕಾಯಿಲ್ ಕೂರಿಸಿದರು. ಏಕೆ, ಅದು ತಪ್ಪೇ?

ಸ್ಕ್ಯಾನರ್_ಹುಡುಗ

ಅಲ್ಲಿಗೆ ಸಿಕ್ಕಿತು ನೋಡಿ. ಇಂಥ ಎಂಜಿನ್ನುಗಳಲ್ಲಿ ಒಂದನೇ ಸಿಲಿಂಡರ್ ಇರುವುದು ಬೆಲ್ಟು, ಪುಲ್ಲಿ ಇರುವ ಕಡೆ. ಗೇರ್ ಬಾಕ್ಸಿನ ಪಕ್ಕದಲ್ಲಿರುವುದು ನಾಲ್ಕನೆಯದು. ನಿಮ್ಮ ಹೊಸ ಕಾಯಿಲ್ ಕೂತಿರುವುದು ಮೂರನೇ ಸಿಲಿಂಡರಿನ ಮೇಲೆ. ಎರಡನೆಯದರ ಕಾಯಿಲನ್ನು ಈವರೆಗೆ ಯಾರೂ ಮಾತನಾಡಿಸಿಯೇ ಇಲ್ಲ.

ಹಳೇ_ಡೀಸೆಲ್

ಎಡಗಾಲು ನೋಯುತ್ತದೆ ಎಂದವನ ಬಲಗಾಲಿಗೆ ಪಟ್ಟಿ ಕಟ್ಟಿದಂತಾಯಿತು.

ಹತ್ತು_ಹನ್ನೆರಡು_ಸ್ಪ್ಯಾನರ್

ನಗಬೇಡಿ, ಇದು ನನ್ನಿಂದಲೂ ಆಗಿದೆ. ಸೀಟಿನ ಕೆಳಗಿನ ಎಂಜಿನ್ನನ್ನು ಹಿಂದಿನಿಂದ ಬಗ್ಗಿ ನೋಡುವಾಗ ಎಣಿಕೆ ತಿರುಗಿಹೋಗುವುದು ಬಹಳ ಸುಲಭ.

ಈಗ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಎಂಜಿನ್ ತಣ್ಣಗಿರುವಾಗ ಪುಲ್ಲಿಯ ಕಡೆಯಿಂದ ಎಣಿಸಿ, ಎರಡನೆಯ ಕಾಯಿಲನ್ನು ನಾಲ್ಕನೆಯದಕ್ಕೆ, ನಾಲ್ಕನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಹತ್ತು ಕಿಲೋಮೀಟರ್ ಓಡಿಸಿ. ಕೋಡ್ 0304 ಆಗಿ ಬದಲಾದರೆ ಕಾಯಿಲೇ ಅಪರಾಧಿ. 0302 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗುಗಳನ್ನು ಹೀಗೇ ಅದಲುಬದಲು ಮಾಡಿ. ಒಮ್ಮೆಗೆ ಒಂದೇ ಬದಲಾವಣೆ ಇರಲಿ. ಎರಡನ್ನೂ ಕೂಡಿಸಿ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ದೇವರಿಗೂ ತಿಳಿಯುವುದಿಲ್ಲ. ಕಾಯಿಲ್ ಎತ್ತಿದಾಗ ಪ್ಲಗ್ಗಿನ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಎಣ್ಣೆ ನಿಂತಿದ್ದರೆ ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ ಎಂದು ತಿಳಿಯಿರಿ.

ದಾವಣಗೆರೆ_ಗಾಡಿ_ಲೆಕ್ಕ

ಎಣ್ಣೆಯಷ್ಟೇ ಅಲ್ಲ, ನೀರನ್ನೂ ನೋಡಿ. ನಮ್ಮ ಮನೆಯಲ್ಲಿ ಇಂಥವೇ ಮೂರು ಗಾಡಿಗಳಿವೆ, ಲೆಕ್ಕ ನೋಡುವವಳು ನಾನು. ಕಳೆದ ವರ್ಷ ಒಂದು ಗಾಡಿ ವಾಟರ್ ಸರ್ವಿಸ್ ಮಾಡಿಸಿದ ಮರುದಿನದಿಂದ ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ಎಂಜಿನ್ ಫಳಫಳ ಹೊಳೆಯಲಿ ಎಂದು ಹುಡುಗ ಜೋರು ಪೈಪನ್ನು ನೇರವಾಗಿ ಅದರ ಮೇಲೇ ಹಿಡಿದಿದ್ದ. ಪ್ಲಗ್ಗಿನ ಗುಂಡಿಯಲ್ಲಿ ಎರಡು ಬೆರಳು ನೀರು ನಿಂತು, ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದಲ್ಲೇ ಹಾರಿ ಅರ್ತ್ ಆಗುತ್ತಿತ್ತು. ಕಂಪ್ರೆಸರ್ ಗಾಳಿಯಿಂದ ಒಣಗಿಸಿದೆವು, ಖರ್ಚು 50 ರೂಪಾಯಿ. ಅಂದಿನಿಂದ ಎಂಜಿನ್ನಿಗೆ ಬಟ್ಟೆ ಒರೆಸುವುದು ಮಾತ್ರ, ಸ್ನಾನವಿಲ್ಲ.

ಸಕಲೇಶಪುರದ_ಚಾಲಕ

ಅಕ್ಕ ಹೇಳಿದ್ದು ನಿಜ. ನನ್ನ ಕಥೆ ನೀರಿನದಲ್ಲ, ಇಲಿಯದು. ಮಳೆಗಾಲದಲ್ಲಿ ಎರಡು ವಾರ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಹೊರತೆಗೆದು ಶಿರಾಡಿ ಘಾಟಿಯಲ್ಲಿ ಇಳಿದೆ, ಏನೂ ತಿಳಿಯಲಿಲ್ಲ. ಹತ್ತುವಾಗ ಮೂರೇ ಸಿಲಿಂಡರಿನಲ್ಲಿ ಹತ್ತಿತು. ಒಂದು ಕಾಯಿಲಿನ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಇಲಿ ಅಚ್ಚುಕಟ್ಟಾಗಿ ತಿಂದುಹಾಕಿತ್ತು. ಎಳನೀರು, ತೆಂಗಿನ ನಾರು ಇರುವ ಗಾಡಿ ಎಂದರೆ ಇಲಿಗೆ ಬಿಡದಿ ಮನೆ ಇದ್ದಂತೆ. ಕಾಯಿಲಿನ ಸಾಕೆಟ್ಟನ್ನು ಮೆಲ್ಲಗೆ ಅಲುಗಾಡಿಸಿ, ವೈರನ್ನು ಪೂರ್ತಿ ಉದ್ದಕ್ಕೂ ಬೆರಳಿನಿಂದ ಸವರಿ ನೋಡಿ.

ಆಸ್ಟಿನ್_ಕನ್ನಡಿಗ

ಪ್ಲಗ್ ಬಿಚ್ಚುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇಲ್ಲಿ ಟೆಕ್ಸಾಸಿನಲ್ಲಿ ನನ್ನ ಬಳಿ ಎಂಟು ಸಿಲಿಂಡರಿನ ಹಳೆಯ ದೊಡ್ಡ ಪಿಕಪ್ ಇದೆ. ವರ್ಷಗಟ್ಟಲೆ ಯಾರೂ ಮುಟ್ಟದ ಪ್ಲಗ್ಗನ್ನು ಬಿಸಿ ಎಂಜಿನ್ನಿನಲ್ಲಿ ಬಲವಾಗಿ ತಿರುಗಿಸಿದೆ. ಅರ್ಧ ಪ್ಲಗ್ ಕೈಗೆ ಬಂತು, ಉಳಿದರ್ಧ ಹೆಡ್ಡಿನೊಳಗೇ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೇ, ಉಳಿಯಿತು. ಅದನ್ನು ತೆಗೆಸಲು ತೆತ್ತ ಡಾಲರಿನಲ್ಲಿ ಒಂದು ತಿಂಗಳ ದಿನಸಿ ತರಬಹುದಿತ್ತು. ಹೆಡ್ ಅಲ್ಯೂಮಿನಿಯಮ್ಮಿನದು, ಪ್ಲಗ್ ಉಕ್ಕಿನದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಿ. ಮತ್ತೆ ಹಾಕುವಾಗ ಮೊದಲ ನಾಲ್ಕೈದು ಸುತ್ತನ್ನು ಕೈಯಿಂದಲೇ ತಿರುಗಿಸಬೇಕು, ಥ್ರೆಡ್ (ತಿರುಪಿನ ಸುತ್ತು) ತಪ್ಪಿ ಕೂತರೆ ಹೆಡ್ಡೇ ಹೋಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಹಳೆಯ ಅಭ್ಯಾಸವೂ ಬೇಡ. ಈಗಿನ ಪ್ಲಗ್ಗುಗಳಿಗೆ ಲೇಪನ ಇರುತ್ತದೆ. ಮೇಲೆ ಜಿಡ್ಡು ಹಚ್ಚಿದರೆ ಜಾರಿ, ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಹಳೇ_ಡೀಸೆಲ್

ಎಂಟು ಸಿಲಿಂಡರಿನ ಗಾಡಿಗೆ ಮೈಲೇಜ್ ಎಷ್ಟು ಬರುತ್ತದೆ ಸರ್? ಅದರಲ್ಲಿ ತರಕಾರಿ ತರಲು ಹೋಗುತ್ತೀರಾ?

ಆಸ್ಟಿನ್_ಕನ್ನಡಿಗ

ಮೈಲೇಜ್ ಕೇಳಬೇಡಿ. ತರಕಾರಿಗೂ ಹೋಗುತ್ತೇನೆ, ರಾಜ್ಯೋತ್ಸವದ ದಿನ ಕನ್ನಡ ಕೂಟದ ಕುರ್ಚಿಗಳನ್ನು ಸಾಗಿಸುವುದೂ ಅದರಲ್ಲೇ.

ವೇದಿಕೆ_ನಿರ್ವಾಹಕ

ಮೈಲೇಜ್ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಮದ್ದೂರಿನವರ ಗಾಡಿಯನ್ನು ಮೊದಲು ನೇರ ಮಾಡೋಣ.

ಮದ್ದೂರು_ಎಳನೀರು

ಎರಡು ದಿನ ತಡವಾಯಿತು, ಕ್ಷಮಿಸಿ. ನಾನೂ ಮೆಕ್ಯಾನಿಕ್ಕೂ ಕೂತು, ನೀವು ಹೇಳಿದ ಕ್ರಮದಲ್ಲೇ ಮಾಡಿದೆವು. ಎಣಿಕೆ ತಪ್ಪಾಗಿದ್ದನ್ನು ಅವರು ತಕ್ಷಣ ಒಪ್ಪಿಕೊಂಡರು, ಒಳ್ಳೆಯ ಮನುಷ್ಯ. ಕಾಯಿಲನ್ನು ಎರಡರಿಂದ ನಾಲ್ಕಕ್ಕೆ ಹಾಕಿದೆವು: ಕೋಡ್ ಕದಲಲಿಲ್ಲ, 0302. ಪ್ಲಗ್ ಅದಲುಬದಲು ಮಾಡಿದೆವು: ಮತ್ತೆ 0302. ಗುಂಡಿಯಲ್ಲಿ ಎಣ್ಣೆಯಿಲ್ಲ, ನೀರಿಲ್ಲ, ವೈರಿಗೆ ಇಲಿ ಬಾಯಿ ಹಾಕಿಲ್ಲ. ಒಂದು ಸಂಗತಿ ಮಾತ್ರ ಕಣ್ಣಿಗೆ ಬಿತ್ತು. ಉಳಿದ ಮೂರು ಪ್ಲಗ್ಗುಗಳ ತುದಿ ತಿಳಿ ಕಂದು ಬಣ್ಣವಿದ್ದರೆ, ಎರಡನೆಯದರದು ಕಪ್ಪಗೆ ಒದ್ದೆಯಾಗಿತ್ತು, ಪೆಟ್ರೋಲಿನ ವಾಸನೆ ಬರುತ್ತಿತ್ತು.

ಹತ್ತು_ಹನ್ನೆರಡು_ಸ್ಪ್ಯಾನರ್

ಒದ್ದೆ ಪ್ಲಗ್ ಎಂದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಇಂಜೆಕ್ಟರಿನ ಮಾತು ಅಲ್ಲಿಗೆ ಮುಗಿಯಿತು. ಕಿಡಿಯೂ ಇದೆ ಎಂದು ಅದಲುಬದಲಿನಿಂದ ಗೊತ್ತಾಯಿತು. ಇನ್ನು ಉಳಿದಿರುವುದು ಒತ್ತಡ. ಕಂಪ್ರೆಷನ್ ಗೇಜ್ ಹಾಕಿಸಿ.

ಗೇಜ್ ಹಾಕುವಾಗ ಜನ ಮಾಡುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ನಾಲ್ಕೂ ಪ್ಲಗ್ ಬಿಚ್ಚಿರಬೇಕು. ಕಾಯಿಲುಗಳ ಸಾಕೆಟ್ ಕಳಚಿರಬೇಕು, ಪೆಟ್ರೋಲ್ ಪಂಪಿನ ರಿಲೇ ತೆಗೆದಿರಬೇಕು, ಗ್ಯಾಸ್ ವಾಲ್ವ್ ಮುಚ್ಚಿರಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಸೋತ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆದರೆ ಎಲ್ಲ ಸಿಲಿಂಡರೂ ರೋಗಿಯಂತೆಯೇ ಕಾಣುತ್ತದೆ. ಥ್ರಾಟಲ್ ಪೂರ್ತಿ ತೆರೆದಿರಬೇಕು, ಇಲ್ಲವಾದರೆ ಸಿಲಿಂಡರಿಗೆ ಉಸಿರಾಡಲು ಗಾಳಿಯೇ ಇರುವುದಿಲ್ಲ. ಪ್ರತಿ ಸಿಲಿಂಡರಿಗೂ ಐದಾರು ಸಲ ಮುಳ್ಳು ಏರುವವರೆಗೆ ಸೆಲ್ಫ್ ಹೊಡೆದು, ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಪಿಸ್ಟನ್ನಿನ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ (ಸಿಲಿಂಡರಿಗೆ ಗಾಳಿ, ಹೊಗೆಯ ಬಾಗಿಲು) ಅಥವಾ ಹೆಡ್ಡಿನ ಕೆಳಗಿನ ಪ್ಯಾಕಿಂಗ್ ಆದ ಗ್ಯಾಸ್ಕೆಟ್.

ಮದ್ದೂರು_ಎಳನೀರು

ಮಂಡ್ಯದಲ್ಲಿ ಗೇಜ್ ಇರುವ ಗ್ಯಾರೇಜ್ ಸಿಕ್ಕಿತು. ಒಂದನೆಯದು 175 ಪಿಎಸ್‌ಐ (ಒತ್ತಡದ ಅಳತೆ), ಎರಡನೆಯದು 105, ಮೂರನೆಯದು 170, ನಾಲ್ಕನೆಯದು 172. ಎರಡನೆಯದಕ್ಕೆ ಆಯಿಲ್ ಬಿಟ್ಟು ಅಳೆದರೆ 110. ಅಂಕಿ ನೋಡಿ ಹೊಟ್ಟೆ ಹಿಂಡಿದಂತಾಯಿತು. ಎಂಜಿನ್ ಕೆಲಸ ಬಂತೆಂದೇ ಅರ್ಥವೇ?

ಹುಬ್ಬಳ್ಳಿ_ಹೆಡ್_ಕೆಲಸ

ಎಂಜಿನ್ ಕೆಲಸ ಅಲ್ಲ, ಹೆದರಬೇಡಿ. ಆಯಿಲ್ ಬಿಟ್ಟಾಗ ಐದೇ ಪಿಎಸ್‌ಐ ಏರಿದೆ, ಆದ್ದರಿಂದ ರಿಂಗು, ಬೋರ್ ಚೆನ್ನಾಗಿವೆ. ಗ್ಯಾಸಿನ ಗಾಡಿಗಳ ಹೆಡ್ಡುಗಳನ್ನು ನಾನು ದಿನವೂ ಬಿಚ್ಚುತ್ತೇನೆ, ಈ ರೋಗ ನನಗೆ ಪರಿಚಿತ. ಟ್ಯಾಪೆಟ್ ಸಂದನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಬಿಡುವನ್ನು, ಕೊನೆಯ ಸಲ ನೋಡಿಸಿದ್ದು ಯಾವಾಗ?

ಮದ್ದೂರು_ಎಳನೀರು

ನಾನಂತೂ ನೋಡಿಸಿಲ್ಲ. ಮಾರಿದವರೂ ನೋಡಿಸಿರಲಾರರು. ಆದರೆ ಎಂಜಿನ್ನಿನಿಂದ ಟ್ಯಾಪೆಟ್ ಸದ್ದು ಒಂದಿಷ್ಟೂ ಬರುವುದಿಲ್ಲ. ಕೊಳ್ಳುವಾಗ ನಾನು ಮೆಚ್ಚಿಕೊಂಡದ್ದೇ ಅದನ್ನು.

ಹುಬ್ಬಳ್ಳಿ_ಹೆಡ್_ಕೆಲಸ

ಎಲ್ಲರೂ ಮೋಸ ಹೋಗುವುದು ಅಲ್ಲೇ. ಟಕಟಕ ಎನ್ನುವ ಟ್ಯಾಪೆಟ್ಟಿನಿಂದ ಕಿವಿಗೆ ತೊಂದರೆಯೇ ಹೊರತು ಎಂಜಿನ್ನಿಗೆ ಅಷ್ಟು ಬೇಗ ಅಪಾಯವಿಲ್ಲ. ಗ್ಯಾಸಿನ ಗಾಡಿ ದಿನದಿಂದ ದಿನಕ್ಕೆ ಮೌನವಾಗುತ್ತ ಬಂದರೆ ಆಗ ಚಿಂತಿಸಬೇಕು.

ಕಾರಣ ಹೇಳುತ್ತೇನೆ. ವಾಲ್ವ್ ಬಂದು ಕೂರುವ ಉಂಗುರವನ್ನು ಸೀಟ್ ಎನ್ನುತ್ತೇವೆ. ಪೆಟ್ರೋಲಿನಲ್ಲಿ ಓಡುವಾಗ ದ್ರವದ ತೇವ ಮತ್ತು ಸುಟ್ಟ ಮೇಲೆ ಉಳಿಯುವ ತೆಳುವಾದ ಪದರ ಆ ಸೀಟಿಗೂ ವಾಲ್ವಿಗೂ ನಡುವೆ ಮೆತ್ತೆಯಂತೆ ಇರುತ್ತವೆ. ಗ್ಯಾಸ್ ಒಣ ಇಂಧನ, ಅದರಲ್ಲಿ ಈ ಮೆತ್ತೆ ಸಿಗುವುದಿಲ್ಲ. ನಿಮಿಷಕ್ಕೆ ಸಾವಿರಗಟ್ಟಲೆ ಬಾರಿ ಒಣ ಲೋಹದ ಮೇಲೆ ಒಣ ಲೋಹ ಬಡಿದು ಸೀಟ್ ಸವೆಯುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಹೆಡ್ಡಿನೊಳಕ್ಕೆ ಮೇಲೇರುತ್ತದೆ, ಅಷ್ಟರಮಟ್ಟಿಗೆ ಮೇಲಿನ ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ. ಸಂದು ಸೊನ್ನೆಗೆ ಬಂದ ದಿನ ವಾಲ್ವ್ ಪೂರ್ತಿ ಮುಚ್ಚುವುದು ನಿಲ್ಲುತ್ತದೆ, ಒತ್ತಡ ಆ ಬಿರುಕಿನಿಂದ ಸೋರುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿಗಾದರೆ ಇನ್ನೂ ಒಂದು ಕಷ್ಟವಿದೆ: ಅದು ತನ್ನ ಮೈಬಿಸಿಯನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಸೀಟಿನ ಮೇಲೆ ಕೂತಾಗಲೇ. ಕೂರಲು ಆಗದಿದ್ದರೆ ಅಂಚು ಕೆಂಪಗೆ ಕಾದು ಸುಟ್ಟುಹೋಗುತ್ತದೆ.

ನಿಂತಾಗ ನಡುಕ ಹೆಚ್ಚು, ವೇಗ ಹೆಚ್ಚಿಸಿದರೆ ಕಡಿಮೆ ಎಂದು ನೀವು ಬರೆದಿದ್ದಿರಿ. ಅದೂ ಇದಕ್ಕೆ ಹೊಂದುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸೋರಲು ಹೆಚ್ಚು ಹೊತ್ತು ಸಿಗುತ್ತದೆ.

ಗಾಳಿಗೊಂದು_ಮಾತು

ಹಾಗಾದರೆ ಗ್ಯಾಸ್ ಗಾಡಿಯೇ ಕೆಟ್ಟದ್ದು ಎಂದಾಯಿತಲ್ಲ.

ದಾವಣಗೆರೆ_ಗಾಡಿ_ಲೆಕ್ಕ

ಕೆಟ್ಟದ್ದಲ್ಲ, ಲೆಕ್ಕ ಬೇರೆ. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುವ ಗಾಡಿಗೆ ಪೆಟ್ರೋಲ್ ಹಾಕಿದರೆ ಎಳನೀರಿನ ಲಾಭವೆಲ್ಲ ಟ್ಯಾಂಕಿಗೇ ಹೋಗುತ್ತದೆ. ಗ್ಯಾಸಿನಲ್ಲಿ ಉಳಿಯುವ ದುಡ್ಡಿನಲ್ಲಿ ಒಂದು ಪಾಲು ಟ್ಯಾಪೆಟ್ಟಿಗೆ ಎಂದು ತೆಗೆದಿಡುತ್ತೇನೆ. ನಾನು ಮೂರೂ ಗಾಡಿಗೆ 20,000 ಕಿಲೋಮೀಟರಿಗೊಮ್ಮೆ ಪ್ಲಗ್ ಬದಲಿಸಿ, 40,000ಕ್ಕೊಮ್ಮೆ ಟ್ಯಾಪೆಟ್ ಅಳೆಸುತ್ತೇನೆ. ಹೆಚ್ಚಾಯಿತು ಎನ್ನುವವರು ಎನ್ನಲಿ.

ಸ್ಕ್ಯಾನರ್_ಹುಡುಗ

ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ ದುಡ್ಡು ಕೆಡಿಸುವ ಬದಲು ನೇರವಾಗಿ ಹೆಡ್ ಬಿಚ್ಚುವುದು ಒಳ್ಳೆಯದಲ್ಲವೇ? 105 ಎಂದರೆ ವಾಲ್ವ್ ಆಗಲೇ ಸುಟ್ಟಿರುತ್ತದೆ.

ಹತ್ತು_ಹನ್ನೆರಡು_ಸ್ಪ್ಯಾನರ್

ಸುಟ್ಟಿರಬಹುದು, ಸುಡದೆಯೂ ಇರಬಹುದು. ನೋಡದೆ ಹೆಡ್ ಬಿಚ್ಚುವುದಕ್ಕೂ ನೋಡದೆ ಕಾಯಿಲ್ ಬದಲಿಸಿದ್ದಕ್ಕೂ ಏನು ವ್ಯತ್ಯಾಸ? ಟ್ಯಾಪೆಟ್ ಕವರ್ ತೆಗೆದು, ತಣ್ಣನೆಯ ಎಂಜಿನ್ನಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ಹಾಕಿ ಅಳೆಯಲು ಒಂದು ಗಂಟೆ ಸಾಕು.

ಜೊತೆಗೆ ಗಾಳಿಯ ಪರೀಕ್ಷೆಯನ್ನೂ ಮಾಡಿಸಬಹುದು. ಎರಡನೇ ಪಿಸ್ಟನ್ನನ್ನು ಎರಡೂ ಬಗೆಯ ವಾಲ್ವ್ ಮುಚ್ಚಿರುವ ಹೊತ್ತಿನಲ್ಲಿ ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಸೈಲೆನ್ಸರಿನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲಿನಲ್ಲಿ ಬುಸ್ ಎಂದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಎಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಗಾಳಿಯ ಒತ್ತಡಕ್ಕೆ ಎಂಜಿನ್ ತಟ್ಟನೆ ತಿರುಗಬಹುದು, ಬೆಲ್ಟು ಮತ್ತು ಫ್ಯಾನಿನ ಬಳಿ ಕೈ ಇಡಬೇಡಿ.

ಸ್ಕ್ಯಾನರ್_ಹುಡುಗ

ಒಪ್ಪಿದೆ ಗುರುಗಳೇ. ಅಳೆದ ಮೇಲೇ ಮಾತಾಡೋಣ.

ಸಕಲೇಶಪುರದ_ಚಾಲಕ

ಗಾಡಿ ಹೇಗೂ ಗ್ಯಾರೇಜಿನಲ್ಲಿದೆ, ಗ್ಯಾಸ್ ಸಿಲಿಂಡರಿನ ಮೇಲಿನ ತಗಡಿನ ಪ್ಲೇಟನ್ನೂ ಒಮ್ಮೆ ನೋಡಿ ಅಣ್ಣ. ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು, ಹಳೆಯ ಗಾಡಿ ಕೊಂಡವರು ಇದನ್ನು ಮರೆಯುತ್ತಾರೆ. ದಿನಾಂಕ ಮೀರಿದ್ದರೆ ಬಂಕಿನವರು ಗ್ಯಾಸ್ ಹಾಕುವಂತಿಲ್ಲ. ನಿಮ್ಮ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಎಫ್‌ಸಿಯೂ (ಗಾಡಿಯ ಯೋಗ್ಯತಾ ಪತ್ರ) ವರ್ಷಕ್ಕೊಮ್ಮೆ ಬರುತ್ತದೆ, ಅದುವರೆಗೆ ಎರಡು ವರ್ಷಕ್ಕೊಮ್ಮೆ.

ಮದ್ದೂರು_ಎಳನೀರು

ಪ್ಲೇಟಿನಲ್ಲಿ 2022 ಎಂದಿದೆ! ಮೂರು ತಿಂಗಳಿನಿಂದ ಯಾರೂ ಕೇಳಿರಲಿಲ್ಲ. ಗ್ಯಾಸ್ ಹಾಕಿಸುವುದನ್ನು ಇಂದೇ ನಿಲ್ಲಿಸಿದ್ದೇನೆ, ಮೊದಲು ಪರೀಕ್ಷೆ ಮಾಡಿಸುತ್ತೇನೆ.

ಟ್ಯಾಪೆಟ್ ಅಳೆದ ಲೆಕ್ಕ ಹೀಗಿದೆ. ಇನ್‌ಲೆಟ್ ಕಡೆಯವು ಹೆಚ್ಚು ಕಡಿಮೆ ಸರಿಯಾಗಿವೆ. ಎಕ್ಸಾಸ್ಟ್ ಕಡೆ ಎಲ್ಲವೂ ಬಿಗಿ. ಎರಡನೇ ಸಿಲಿಂಡರಿನ ಎರಡು ಎಕ್ಸಾಸ್ಟ್ ವಾಲ್ವುಗಳಲ್ಲಿ ಒಂದಕ್ಕೆ 0.05 ಮಿಲಿಮೀಟರಿನ ಎಲೆಯೂ ತೂರಲಿಲ್ಲ. ಗಾಳಿ ಬಿಟ್ಟಾಗ ಸೈಲೆನ್ಸರಿನ ಬಾಯಲ್ಲಿ ಹಾವು ಬುಸುಗುಟ್ಟಿದಂತೆ ಸದ್ದು ಬಂತು. ಇದು ಬೋಲ್ಟ್ ತಿರುಗಿಸಿ ಹೊಂದಿಸುವ ಟ್ಯಾಪೆಟ್ ಅಲ್ಲ, ಬೇರೆ ಬೇರೆ ದಪ್ಪದ ಬಟ್ಟಲುಗಳನ್ನು ಹಾಕಿ ಹೊಂದಿಸಬೇಕು, ಅದಕ್ಕೆ ವಾಲ್ವ್ ಒತ್ತುವ ಕ್ಯಾಮ್ ಶಾಫ್ಟ್ ಬಿಚ್ಚಬೇಕು ಎಂದರು. ಬಿಚ್ಚಿ, ತೆಳುವಾದ ಬಟ್ಟಲು ಹಾಕಿದರು. ಕಂಪ್ರೆಷನ್ 105ರಿಂದ 135ಕ್ಕೆ ಏರಿತು. ಬುಸುಗುಟ್ಟುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಹುಬ್ಬಳ್ಳಿ_ಹೆಡ್_ಕೆಲಸ

135ರಲ್ಲಿ ಬಿಡಬೇಡಿ. ಸಂದು ಸರಿಯಾದ ಮೇಲೂ ಸೋರುತ್ತಿದೆ ಎಂದರೆ ವಾಲ್ವಿನ ಅಂಚು ಸುಟ್ಟಿದೆ. ಈಗ ಹೆಡ್ ಇಳಿಸಿ, ಈಗ ಅದಕ್ಕೆ ಆಧಾರವಿದೆ. ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳನ್ನು ಹೊಸದು ಹಾಕಿಸಿ, ಸೀಟುಗಳ ಮುಖವನ್ನು ಕತ್ತರಿಸಿ ಸಮ ಮಾಡಿಸಿ, ಎಲ್ಲ ವಾಲ್ವುಗಳನ್ನೂ ಸೀಟಿಗೆ ಉಜ್ಜಿ ಲ್ಯಾಪ್ ಮಾಡಿಸಿ. ವಾಲ್ವ್ ಸೀಲುಗಳನ್ನು ಹಳೆಯವನ್ನೇ ಮತ್ತೆ ಹಾಕಲು ಬಿಡಬೇಡಿ. ಹೆಡ್ಡಿನ ತಳ ಸೊಟ್ಟಗಿದೆಯೇ ಎಂದು ಪಟ್ಟಿ ಇಟ್ಟು ನೋಡಿಸಿ. ಕೊನೆಯಲ್ಲಿ ಹೆಡ್ಡನ್ನು ಬೋರಲು ಹಾಕಿ, ಪ್ಲಗ್ ಕೂರಿಸಿ, ಪ್ರತಿ ಗೂಡಿಗೂ ಪೆಟ್ರೋಲ್ ತುಂಬಿ ಅರ್ಧ ಗಂಟೆ ಬಿಡಿ. ಕೆಳಗೆ ಒಂದು ತೊಟ್ಟೂ ಇಳಿಯಬಾರದು. ಹೆಡ್ ಕೆಲಸ ಮಾಡುವ ಲೇತಿನವರು ಸಿಡುಕಿದರೂ ಈ ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಲಿ.

ಹತ್ತು_ಹನ್ನೆರಡು_ಸ್ಪ್ಯಾನರ್

ಅವರು ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಹೆಡ್ ಬೋಲ್ಟುಗಳನ್ನು ಮ್ಯಾನ್ಯುಯಲ್ಲಿನ ಕ್ರಮದಲ್ಲಿ, ಹಂತ ಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು. ‘ಕೈಯಂದಾಜು ಸಾಕು’ ಎನ್ನುವವರ ಕೈಗೆ ಹೆಡ್ ಕೊಡಬೇಡಿ. ಹಳೆಯ ಕೂಲೆಂಟ್ ಹೇಗೂ ಇಳಿದುಹೋಗುತ್ತದೆ, ಹೊಸದು ಹಾಕುವಾಗ ನಲ್ಲಿ ನೀರು ತುಂಬಿಸಬೇಡಿ.

ಮದ್ದೂರು_ಎಳನೀರು

ಹನ್ನೊಂದು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಎರಡನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಇಲಿ ಕಚ್ಚಿದ ಕೊಬ್ಬರಿಯಂತೆ ಒಂದು ಚೂರು ಹೋಗಿತ್ತು. ಎರಡು ಹೊಸ ವಾಲ್ವ್, ಸೀಟ್ ಕೆಲಸ, ಸೀಲು, ಗ್ಯಾಸ್ಕೆಟ್, ಕೂಲೆಂಟ್, ಆಯಿಲ್, ಮಜೂರಿ ಎಲ್ಲ ಸೇರಿ 14,800 ರೂಪಾಯಿ. ಪೆಟ್ರೋಲ್ ತುಂಬಿಸುವ ಪರೀಕ್ಷೆಯನ್ನು ನನ್ನೆದುರೇ ಮಾಡಿದರು, ಸ್ವಲ್ಪ ಸಿಡುಕಿದರು. ಈಗ ಕಂಪ್ರೆಷನ್ 176, 174, 172, 174. ನಿನ್ನೆ ಲೋಡ್ ಹಾಕಿಕೊಂಡು ಹೋದೆ. ನಿಂತಾಗ ಡ್ಯಾಶ್‌ಬೋರ್ಡಿನ ಮೇಲಿಟ್ಟ ಟೀ ಲೋಟ ಅಲುಗಲಿಲ್ಲ. ಗ್ಯಾಸ್ ಸಿಲಿಂಡರಿನ ಪರೀಕ್ಷೆಯೂ ಆಯಿತು, ಹೊಸ ಪ್ಲೇಟ್ ಬಂದಿದೆ.

ಗಾಳಿಗೊಂದು_ಮಾತು

ಲೋಡ್ ಎಷ್ಟು ಹಾಕುತ್ತೀರಿ? ಅದನ್ನು ಯಾರೂ ಕೇಳಲಿಲ್ಲ.

ಮದ್ದೂರು_ಎಳನೀರು

ಐನೂರು ಕಾಯಿ.

ಸಕಲೇಶಪುರದ_ಚಾಲಕ

ಒಂದು ಎಳನೀರು ಒಂದೂವರೆ ಕಿಲೋ ಎಂದರೂ 750 ಕಿಲೋ ಆಯಿತಲ್ಲ ಅಣ್ಣ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತದೆ, ಕಳೆದು ನೋಡಿ. ಹೆಚ್ಚು ಹೊರೆಯಲ್ಲಿ ಎಂಜಿನ್ ಕಾಯುತ್ತದೆ, ಮೊದಲು ಸುಡುವುದು ಎಕ್ಸಾಸ್ಟ್ ವಾಲ್ವೇ.

ಮದ್ದೂರು_ಎಳನೀರು

ಕಳೆದು ನೋಡಿದೆ. ನಾಳೆಯಿಂದ ನಾನೂರು. ಗ್ಯಾಸಿಗೆ ಬದಲಾಗುವ ಮೊದಲು ದಿನವೂ ನಾಲ್ಕೈದು ಕಿಲೋಮೀಟರ್ ಪೆಟ್ರೋಲಿನಲ್ಲಿ ಓಡಿಸಬೇಕೆಂದು ಲೇತಿನವರು ಹೇಳಿದರು, ಅದು ಸರಿಯೇ?

ಹುಬ್ಬಳ್ಳಿ_ಹೆಡ್_ಕೆಲಸ

ಸರಿ. ವಾಲ್ವಿಗೆ ಅಷ್ಟರಿಂದ ದೊಡ್ಡ ರಕ್ಷಣೆ ಸಿಗುತ್ತದೆ ಎಂದು ನಾನು ಹೇಳಲಾರೆ, ಆದರೆ ಪೆಟ್ರೋಲ್ ಇಂಜೆಕ್ಟರ್ ಒಣಗಿ ಕಟ್ಟಿಕೊಳ್ಳುವುದಿಲ್ಲ. ಟ್ಯಾಂಕಿನ ಪೆಟ್ರೋಲ್ ಕೂಡ ಹಳಸುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಗಾಳಿಗೊಂದು ಮಾತು’ ಅವರ ದೂರಿಗೆ ಅಷ್ಟರಮಟ್ಟಿಗೆ ಆಧಾರವಿದೆ.

ಗಾಳಿಗೊಂದು_ಮಾತು

ಕೊನೆಗೂ ಒಬ್ಬರು ಒಪ್ಪಿದರು.

ಮದ್ದೂರು_ಎಳನೀರು

ಇನ್ನೊಂದು ಸಣ್ಣ ಪ್ರಶ್ನೆ. ಮೂರನೇ ಸಿಲಿಂಡರಿನಿಂದ ಸುಮ್ಮನೆ ಬಿಚ್ಚಿದ ಹಳೆಯ ಕಾಯಿಲ್, ಏನೂ ಕೆಡದಿರುವುದು, ನನ್ನ ಬಳಿಯೇ ಇದೆ. ಏನು ಮಾಡಲಿ?

ಹತ್ತು_ಹನ್ನೆರಡು_ಸ್ಪ್ಯಾನರ್

ಗಾಡಿಯಲ್ಲೇ ಇಟ್ಟುಕೊಳ್ಳಿ. ಮುಂದೆ ಎಂದಾದರೂ ದಾರಿಯಲ್ಲಿ ಕಾಯಿಲ್ ಕೈಕೊಟ್ಟರೆ ಹತ್ತನೇ ನಂಬರಿನ ಒಂದು ಸ್ಪ್ಯಾನರ್ ಇದ್ದರೆ ಐದು ನಿಮಿಷದ ಕೆಲಸ. ಎಣಿಸುವುದು ಮಾತ್ರ ಪುಲ್ಲಿಯ ಕಡೆಯಿಂದ.

ಸಕಲೇಶಪುರದ_ಚಾಲಕ

ತಗಡಿನ ಡಬ್ಬಿಯಲ್ಲಿ ಹಾಕಿಡಿ. ಬಟ್ಟೆಯಲ್ಲಿ ಸುತ್ತಿಟ್ಟರೆ ಇಲಿ ಬಟ್ಟೆಯನ್ನೂ ಬಿಡುವುದಿಲ್ಲ.